ಘಾಟ್ ಹತ್ತಿ ಬರುವ ಉಪ್ಪು: ಅಲ್ಯೂಮಿನಿಯಂ ದೋಣಿ ಉಳಿಸಿಕೊಳ್ಳುವುದು ಹೇಗೆ?

ನಮ್ಮ ದೋಣಿಗೆ ಮೊದಲ ತೂತು ಬಿದ್ದದ್ದು ಬೆಳಗಾವಿಯ ಶೆಡ್‌ನಲ್ಲಿ, ಸಮುದ್ರದಿಂದ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಬೀಳಿಸಿದ್ದು ಒಂದು ಹಳೆಯ ತಾಮ್ರದ ದುಡ್ಡು.

ನಾಲ್ಕು ಜನ ಗೆಳೆಯರು ಸೇರಿ ಕೊಂಡ 14 ಅಡಿಯ ಅಲ್ಯೂಮಿನಿಯಂ ದೋಣಿ ಅದು. ತಿಂಗಳಿಗೊಮ್ಮೆ ಟ್ರೇಲರ್ ಮೇಲೆ ಹಾಕಿಕೊಂಡು ಚೋರ್ಲಾ ಘಾಟ್ ಇಳಿದು ಪಣಜಿ ಕಡೆ ಹೋಗುತ್ತೇವೆ. ಗಾಳ ಹಾಕುತ್ತೇವೆ. ಭಾನುವಾರ ರಾತ್ರಿ ವಾಪಸ್. ಆ ವರ್ಷ ಖಂಡೆನವಮಿಗೆ ಬೈಕು, ಕಾರುಗಳ ಜೊತೆ ದೋಣಿಗೂ ಪೂಜೆ ಮಾಡಿದೆವು. ಕುಂಕುಮ, ಚೆಂಡುಹೂವಿನ ಮಾಲೆ, ಎಲೆ ಅಡಿಕೆಯ ಮೇಲೆ ಅಜ್ಜಿಯ ಕಾಲದ ತಾಮ್ರದ ಬಿಲ್ಲೆ. ಬಿಲ್ಲೆ ಯಾವಾಗಲೋ ಜಾರಿ ನೆಲಹಲಗೆಯ ಸಂದಿಯಿಂದ ತಳಕ್ಕೆ ಬಿತ್ತು. ಯಾರೂ ಹುಡುಕಲಿಲ್ಲ.

ಮುಂದಿನ ಶ್ರಾವಣದಲ್ಲಿ ಹಲಗೆ ಎತ್ತಿದಾಗ ಬಿಲ್ಲೆ ಅಲ್ಲೇ ಇತ್ತು. ಮೈ ಸ್ವಲ್ಪ ಹಸಿರಾಗಿತ್ತು, ಉಳಿದಂತೆ ಆರಾಮಾಗಿತ್ತು. ಅದರ ಸುತ್ತ ಮಾತ್ರ ಎಲೆಗೆ ಸವರುವ ಸುಣ್ಣದಂಥ ಬಿಳಿ ಮೆತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದೆ. ತುದಿ 3 ಮಿಲಿಮೀಟರ್ ತಗಡು ದಾಟಿ, ಕೆಳಗಿನ ಟ್ರೇಲರ್ ಕಬ್ಬಿಣಕ್ಕೆ ಟಕ್ ಅಂತ ತಾಗಿತು.

ಕಡಲೇ ಇಲ್ಲದ ಊರಲ್ಲಿ ಉಪ್ಪುನೀರಿನ ಚಿಂತೆ ಯಾಕೆ ಅನ್ನಬಹುದು. ನನಗೆ ಅನ್ನಿಸುವುದು, ನಮ್ಮಂಥವರೇ ಜಾಸ್ತಿ ಎಚ್ಚರ ಇರಬೇಕು. ದೋಣಿ ನೀರಲ್ಲಿರುವುದು ಎರಡು ದಿನ. ಉಳಿದ 28 ದಿನ ಉಪ್ಪು ಅದರ ಸಂದಿಗಳಲ್ಲಿ ಕೂತು ತನ್ನ ಕೆಲಸ ಮಾಡುತ್ತಿರುತ್ತದೆ.

ಉಪ್ಪು ಮಾಡುವುದೇನು?

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅಂತಾರೆ. ಅದರಲ್ಲಿ ಉಪ್ಪಿನಕಾಯಿ ಇಡಬೇಡ ಅಂತ ಮನೆಯ ಹಿರಿಯರು ಬೈಯುತ್ತಾರಲ್ವಾ? ಕಾರಣ ಅದೇ. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಅದು ಇರುವ ತನಕ ಲೋಹ ಗಟ್ಟಿ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಸೂಜಿ ಚುಚ್ಚಿದಂತೆ ಗುಳಿ ಬೀಳುತ್ತದೆ. ಕಬ್ಬಿಣದ ತುಕ್ಕಿನ ಹಾಗೆ ಇದು ಹರಡಿ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಡೆ ಆಳಕ್ಕೆ ಇಳಿಯುತ್ತದೆ. ಹೊರಗೆ ಕಾಣುವುದು ಚಿಟಿಕೆ ಬಿಳಿ ಪುಡಿ ಅಷ್ಟೇ. ನಮ್ಮ ಯಮನಾಪುರದ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಮಾಡುವ ಅಲ್ಯೂಮಿನಾ ಪುಡಿಗೆ ಈ ಬಿಳಿ ಪುಡಿ ಹತ್ತಿರದ ನೆಂಟ.

ಸಮುದ್ರದ ನೀರು ಒಂದು ಲೀಟರ್ ಆರಿದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ಅದು ಒಣಗಿ ಸುಮ್ನೆ ಬಿದ್ದಿರುತ್ತದೆ. ಗಾಳಿಯ ತೇವ ಶೇ 75 ದಾಟಿತೋ, ತಾನೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ನೋಡಿಲ್ಲವೇ? ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ದೋಣಿಯ ಸಂದಿ ಸಂದಿಯಲ್ಲೂ ಅದೇ ಕಥೆ.

ಮೊದಲ ಕೆಲಸ: ಅದೇ ದಿನ ತೊಳೆಯಿರಿ

ಎಷ್ಟೇ ದಣಿದಿದ್ದರೂ ತೊಳೆಯುವುದನ್ನು ನಾಳೆಗೆ ಇಡಬೇಡಿ. ಸಾಧ್ಯವಾದರೆ ಘಾಟ್ ಹತ್ತುವ ಮುಂಚೆಯೇ ಒಂದು ಸಲ ಸಿಹಿನೀರು ಹೊಡೆಯಿರಿ. ನಾವು ಸಮುದ್ರಕ್ಕೆ ಹೋಗಲೇ ಇಲ್ಲ, ನದಿಯಲ್ಲೇ ಇದ್ದೆವು ಅನ್ನುವವರಿಗೂ ಇದು ಅನ್ವಯ. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಸಿಹಿಯಾಗಿ ಹುಟ್ಟುವ ಮಹದಾಯಿ, ಪಣಜಿ ಹತ್ತಿರ ಮಾಂಡೋವಿ ಆಗುವಷ್ಟರಲ್ಲಿ ಉಪ್ಪಾಗಿರುತ್ತಾಳೆ. ಭರತ, ಅಂದರೆ ಉಬ್ಬರ, ಬಂದಾಗ ಕಡಲೇ ಒಳಗೆ ನುಗ್ಗುತ್ತದೆ.

ದೋಣಿಯ ಮೂಗು ಮೇಲೆ ಬರುವಂತೆ ಟ್ರೇಲರ್ ನಿಲ್ಲಿಸಿ, ಹಿಂದಿನ ತೂಬಿನ ಬಿರಡೆ ತೆಗೆಯಿರಿ. ಒಳಗಿನಿಂದ ಶುರು ಮಾಡಿ. ಜಾಸ್ತಿ ಜನ ಹೊರಗೆ ಫಳಫಳ ತೊಳೆದು ಒಳಗೆ ಒಂದು ಬಕೆಟ್ ಸುರಿದು ಮುಗಿಸುತ್ತಾರೆ. ಉಪ್ಪು ಕೂರುವುದು ಪಕ್ಕೆಲುಬುಗಳ ಬುಡದಲ್ಲಿ, ಬೋಲ್ಟ್ ತಲೆಗಳ ಕೆಳಗೆ, ಸೀಟಿನ ಅಡಿಯಲ್ಲಿ. ಪೈಪ್ ಹಿಡಿದು ಅಲ್ಲಿಗೆಲ್ಲ ಧಾರಾಳವಾಗಿ ನೀರು ಬಿಡಿ. ಕಾರು ತೊಳೆಯುವ ಶಾಂಪೂ, ಮೆತ್ತನೆ ಬ್ರಷ್ ಸಾಕು. ಬಟ್ಟೆ ಸೋಡಾ, ಬ್ಲೀಚಿಂಗ್, ಟೈಲ್ಸ್ ತೊಳೆಯುವ ಆಸಿಡ್ ಯಾವುದೂ ಬೇಡ. ಜಾಸ್ತಿ ಹುಳಿಯೂ ಜಾಸ್ತಿ ಕ್ಷಾರವೂ ಆ ತೆಳು ಪದರವನ್ನು ತಿನ್ನುತ್ತವೆ. ದೋಣಿಯ ಹತ್ತಿರ ಸುಣ್ಣ, ಸಿಮೆಂಟ್ ಕಲಸುವುದೂ ಬೇಡ.

ನೀರು ಯಾವುದು? ರಾಕಸಕೊಪ್ಪ, ಹಿಡಕಲ್‌ನಿಂದ ಬರುವ ನಮ್ಮ ನಲ್ಲಿ ನೀರು ಚೆನ್ನಾಗಿದೆ. ಬಾಗಲಕೋಟೆ, ವಿಜಯಪುರ ಕಡೆಯ ಸವಳು ಬೋರ್‌ವೆಲ್ ನೀರಾದರೆ ಅದರಲ್ಲಿ ತೊಳೆದು ಹಾಗೇ ಆರಲು ಬಿಟ್ಟರೆ ಒಂದು ಉಪ್ಪು ತೆಗೆದು ಇನ್ನೊಂದು ಉಪ್ಪು ಬಳಿದಂತೆ. ಕೊನೆಯ ಎರಡು ಬಕೆಟ್ ಆದರೂ ಮಳೆನೀರೋ ಕುಡಿಯುವ ನೀರೋ ಇರಲಿ. ಆಮೇಲೆ ಬಟ್ಟೆಯಿಂದ ಒರೆಸಿ.

ಮೋಟರ್ ನೀರು ಎಳೆಯುವ ರಂಧ್ರಗಳ ಮೇಲೆ ಕೂರಿಸಲು ಕಿವಿಮುಚ್ಚುಗದಂಥ ಒಂದು ಸಾಮಾನು ಬರುತ್ತದೆ. ಅದಕ್ಕೆ ಪೈಪ್ ಸಿಕ್ಕಿಸಿ, ನೀರು ಬಿಟ್ಟ ಮೇಲೆ ಎಂಜಿನ್ ಹಚ್ಚಿ 10 ನಿಮಿಷ ಓಡಿಸಿ. ನೀರಿಲ್ಲದೆ ಹಚ್ಚಿದರೆ ಪಂಪಿನ ರಬ್ಬರ್ ಸುಡುತ್ತದೆ. ಟ್ರೇಲರ್ ಮೇಲೆ ದೋಣಿ ಕೂರುವ ಕಡೆ ಕಾರ್ಪೆಟ್ ಹೊಡೆದಿದ್ದರೆ ಅದನ್ನೂ ಹಿಂಡುವಂತೆ ತೊಳೆಯಿರಿ. ಉಪ್ಪುನೀರು ಕುಡಿದ ಕಾರ್ಪೆಟ್ ತಳಕ್ಕೆ ಕಟ್ಟಿದ ಹಸಿ ಪಟ್ಟಿ ಇದ್ದ ಹಾಗೆ.

ಎರಡನೆಯದು: ಹೊರಗಿನ ಲೋಹ ಹುಡುಕಿ

ಬಿಲ್ಲೆಯ ಕಥೆಗೆ ಬರೋಣ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ಎರಡೂ ಉಪ್ಪುನೀರಲ್ಲಿ ನೆನೆದರೆ ಅದೊಂದು ಬ್ಯಾಟರಿ. ಅದರಲ್ಲಿ ಸವೆಯುವುದು ಒಂದೇ ಲೋಹ. ತಾಮ್ರ, ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್, ಸೀಸ ಇವುಗಳಲ್ಲಿ ಯಾವುದರ ಜೊತೆ ಸೇರಿದರೂ ಸವೆಯುವ ಸರದಿ ಅಲ್ಯೂಮಿನಿಯಂನದ್ದೇ.

ಹಾಗಾಗಿ ತಿಂಗಳಿಗೊಮ್ಮೆ ನೆಲಹಲಗೆ ಎತ್ತಿ ತಳ ತಡವಿ ನೋಡಿ. ಗಾಳದ ಕೊಕ್ಕೆ, ಸೀಸದ ಗುಂಡು, ಕಳಚಿದ ಸ್ಕ್ರೂ, ಚಿಲ್ಲರೆ ಕಾಸು ಏನೇನೋ ಸಿಗುತ್ತವೆ. ಅಯಸ್ಕಾಂತ ಆಡಿಸಿದರೆ ಕೊಕ್ಕೆ ಬರುತ್ತದೆ, ಸೀಸ ತಾಮ್ರ ಬರುವುದಿಲ್ಲ. ಕೈಯೇ ಹಾಕಬೇಕು.

ಇಲ್ಲದೆ ನಡೆಯದ ಸ್ಟೀಲ್ ಬೋಲ್ಟ್‌ಗಳ ಕಥೆ ಬೇರೆ. ಅಲ್ಲಿ ಎರಡು ಲೋಹಗಳ ನಡುವೆ ಗೋಡೆ ಕಟ್ಟಬೇಕು. ಬೋಲ್ಟ್‌ಗೆ ನೈಲಾನ್ ಬುಶ್, ಅಡಿಗೆ ನೈಲಾನ್ ವಾಶರ್, ಬೋಲ್ಟಿನ ಥ್ರೆಡ್‌ಗಳಿಗೆ ಟೆಫ್‌ಜೆಲ್ ಅಥವಾ ಡ್ಯುರಾಲಾಕ್‌ನಂಥ ಮೆತ್ತು. ಒಂದು ಮಾತು ನೆನಪಿಡಿ. ದೊಡ್ಡ ಅಲ್ಯೂಮಿನಿಯಂ ತಗಡಿಗೆ ಸಣ್ಣ ಸ್ಟೀಲ್ ಬೋಲ್ಟ್ ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ದೊಡ್ಡ ಸ್ಟೀಲ್ ಪ್ಲೇಟ್‌ಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ರಿವೆಟ್ ಬೇಗ ಮುಗಿದೇಹೋಗುತ್ತದೆ. ನೆಲಕ್ಕೆ ಪ್ಲೈವುಡ್ ಹಾಕಿಸುವಾಗಲೂ ಕೇಳಿ. ಗೆದ್ದಲು ಹಿಡಿಯದಿರಲಿ ಅಂತ ತಾಮ್ರದ ಔಷಧಿ ಕುಡಿಸಿದ ಹಲಗೆ ಬೇಡವೇ ಬೇಡ.

ಆನೋಡ್: ಯಾರಿಗೆ ಬೇಕು, ಯಾರಿಗೆ ಬೇಡ

ಅಲ್ಯೂಮಿನಿಯಂಗಿಂತ ಬೇಗ ಸವೆಯುವ ಲೋಹದ ತುಂಡನ್ನು ದೋಣಿಗೆ ಕಟ್ಟಿದರೆ, ದೋಣಿಯ ಪಾಲಿನ ಏಟನ್ನೆಲ್ಲ ಅದೇ ತಿನ್ನುತ್ತದೆ. ಅದೇ ಆನೋಡ್. ಸಮುದ್ರಕ್ಕೆ ಸತುವಿನದು ನಡೆಯುತ್ತದೆ. ಆದರೆ ಸಿಹಿನೀರಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಮಲಗಿಬಿಡುತ್ತದೆ. ಬರೀ ಸಿಹಿನೀರಿಗೆ ಮೆಗ್ನೀಷಿಯಂ ಸರಿ. ಅದನ್ನೇ ಸಮುದ್ರಕ್ಕೆ ಇಳಿಸಿದರೆ ಬೇಗ ಕರಗುವುದಲ್ಲದೆ ದೋಣಿಯ ಬಣ್ಣವನ್ನೂ ಎಬ್ಬಿಸುತ್ತದೆ. ಒಂದು ತಿಂಗಳು ಆಲಮಟ್ಟಿ ಹಿನ್ನೀರು, ಮುಂದಿನ ತಿಂಗಳು ಗೋವಾ ಅನ್ನುವವರು ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಹಾಕಿಸಿ.

ಅಂಗಡಿಯವರು ಹೇಳದ ಒಂದು ಮಾತಿದೆ. ಆನೋಡ್ ಕೆಲಸ ಮಾಡುವುದು ನೀರಲ್ಲಿ ಮುಳುಗಿದ್ದಾಗ ಮಾತ್ರ. ಶೆಡ್‌ನಲ್ಲಿ ನಿಂತ ದೋಣಿಯ ಸಂದಿಯೊಳಗಿನ ಉಪ್ಪಿಗೆ ಅದು ಏನೂ ಮಾಡಲಾರದು. ನನ್ನ ಬಿಲ್ಲೆಯ ತೂತನ್ನು ತಳದ ಹೊರಗಿನ ಎಷ್ಟು ಆನೋಡ್ ಇದ್ದರೂ ತಡೆಯುತ್ತಿರಲಿಲ್ಲ. ಆನೋಡ್ ಮೇಲೆ ಬಣ್ಣ ಬಳಿಯಬೇಡಿ, ಅರ್ಧ ಸವೆದ ಕೂಡಲೇ ಬದಲಿಸಿ.

ಬಣ್ಣ, ಬ್ಯಾಟರಿ

ಮೇಲ್ಮೈ ಉಜ್ಜಲು ಸ್ಕಾಚ್‌ಬ್ರೈಟ್ ಅಥವಾ ಅಲ್ಯೂಮಿನಾ ಸ್ಯಾಂಡ್‌ಪೇಪರ್ ಬಳಸಿ. ಕಬ್ಬಿಣದ ತಂತಿ ಬ್ರಷ್ ಮುಟ್ಟಿಸಬೇಡಿ, ಅದರ ಚೂರು ಲೋಹದಲ್ಲಿ ಸಿಕ್ಕಿಕೊಳ್ಳುತ್ತವೆ. ಉಜ್ಜಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಲಿ. ಪಾಚಿ ಕಟ್ಟದಿರಲು ಹಚ್ಚುವ ಬಣ್ಣಗಳಲ್ಲಿ ಬಹಳಷ್ಟು ತಾಮ್ರದ ಆಕ್ಸೈಡ್‌ನವು. ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ತನ್ನಿ. ಟ್ರೇಲರ್ ಮೇಲಿನ ದೋಣಿಗೆ ಆ ಬಣ್ಣವೇ ಬೇಕಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿಗೆ ದೋಣಿಯ ಮೈಯನ್ನೇ ದಾರಿ ಮಾಡಬೇಡಿ. ಪ್ರತಿ ಲೈಟು, ಪಂಪಿಗೆ ಎರಡು ತಂತಿ ಎಳೆಸಿ. ಸೋರಿದ ಕರೆಂಟ್ ಉಪ್ಪಿಗಿಂತ ವೇಗವಾಗಿ ತಗಡು ತಿನ್ನುತ್ತದೆ. ದೋಣಿಯಿಂದ ಇಳಿದು ಬರುವಾಗ ಬ್ಯಾಟರಿಯ ಸ್ವಿಚ್ ಆಫ್.

ಗುಳಿ ಬಿದ್ದೇಬಿಟ್ಟರೆ

ಬಿಳಿ ಪುಡಿ ಕಂಡ ಕಡೆ ಕೆರೆದು, ಗುಂಡುಪಿನ್ ಇಳಿಸಿ ಆಳ ನೋಡಿ. ಮೇಲುಮೇಲಿನ ಗುಳಿಯಾದರೆ ಚೆನ್ನಾಗಿ ತೊಳೆದು ಒಣಗಿಸಿ ಎಪಾಕ್ಸಿ ತುಂಬಿದರೆ ಸಾಕು. ಆಳವಾಗಿದ್ದರೆ ವೆಲ್ಡಿಂಗ್. ಉದ್ಯಮಬಾಗ್‌ನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವವರಿಗೆ ಬರವಿಲ್ಲ. ಕೇಳಬೇಕಾದ್ದು ಎರಡರ ಮಿಶ್ರಲೋಹದ ನಂಬರ್. ತಗಡು 5052 ಅಥವಾ 5083, ರಾಡ್ 5356. ವಿಮಾನಕ್ಕೆ ಹಾಕುವ ಮಾಲು ಸಾರ್ ಅಂತ 2024 ಅಥವಾ 7075 ತೋರಿಸಿದರೆ ಕೈಮುಗಿದು ಬನ್ನಿ. ಗಟ್ಟಿ ನಿಜ. ಆದರೆ ಎರಡರಲ್ಲೂ ತಾಮ್ರ ಬೆರೆತಿದೆ, ಸಮುದ್ರಕ್ಕೆ ಆಗದು.

ಇನ್ನೊಂದು, ಗ್ರೈಂಡರ್. ನಮ್ಮ ದೋಣಿಯನ್ನು ಮೊದಲು ಒಯ್ದ ವರ್ಕ್‌ಶಾಪ್‌ನಲ್ಲಿ ಪಕ್ಕದಲ್ಲೇ ಕಬ್ಬಿಣದ ಗೇಟ್ ಉಜ್ಜುತ್ತಿದ್ದರು. ಅದರ ಪುಡಿ ಸಿಡಿದು ಎರಡು ವಾರಕ್ಕೆ ದೋಣಿಯ ಮೈತುಂಬ ಕಂದು ಚುಕ್ಕೆ, ಸಿಡುಬು ಎದ್ದ ಹಾಗೆ. ಹೊಸ ಚಕ್ರ ಹಾಕಿ, ಕಬ್ಬಿಣದ ಕೆಲಸದಿಂದ ದೂರ ಇಟ್ಟು ಮಾಡಿ ಅಂತ ಮೊದಲೇ ಹೇಳಿ.

ವೆಲ್ಡ್ ಆರಿದ ಮೇಲೆ ತೂಬಿಗೆ ಬಿರಡೆ ಹಾಕಿ, ವೆಲ್ಡ್ ಮುಳುಗುವಷ್ಟು ನೀರು ಒಳಗೆ ನಿಲ್ಲಿಸಿ. ಒಂದೆರಡು ಇಂಚು ಸಾಕು. ಜಾಸ್ತಿ ತುಂಬಿದರೆ ನೀರಿನ ಭಾರಕ್ಕೆ ಟ್ರೇಲರ್ ನರಳುತ್ತದೆ. ಕೆಳಗೆ ಹಳೆ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪೇಪರ್ ಒಣಗಿಯೇ ಇದ್ದರೆ ಬಿರಡೆ ತೆಗೆದು ನೀರು ಬಿಟ್ಟು, ಮೂಗು ಮೇಲೆತ್ತಿ ನಿಲ್ಲಿಸಿ. ಬಿರಡೆಯನ್ನು ಕಾರಿನ ಕೀಲಿಗೊಂಚಲಿಗೇ ಕಟ್ಟಿಡಿ. ಪಣಜಿಯಲ್ಲಿ ಅದನ್ನು ಹಾಕುವುದು ಮರೆತು ದೋಣಿ ಇಳಿಸಿದವರ ಪೈಕಿ ನಾನೂ ಒಬ್ಬ.