ಸ್ಕಿಜೋಫ್ರೇನಿಯಾ ಜೊತೆ ಗೀಳೂ ಇದ್ದರೆ ನೆನಪು, ಗಮನದ ತರಬೇತಿ ಹೇಗೆ?

ಸ್ಕಿಜೋಫ್ರೇನಿಯಾ ಅಂದರೆ ಯಾರೋ ಮಾತಾಡಿದಂತೆ ಕೇಳಿಸುವುದು, ಸುಮ್ನೆ ಅನುಮಾನ ಪಡುವುದು ಅಷ್ಟೇ ಅಲ್ಲ. ಮಾತ್ರೆಯಿಂದ ಅವು ತಗ್ಗಿದ ಮೇಲೂ ಹಲವರಿಗೆ ಗಮನ ನಿಲ್ಲುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ, ಯಾವ ಕೆಲಸ ಮೊದಲು ಅಂತ ತೋಚುವುದಿಲ್ಲ. ಇದು ಸೋಮಾರಿತನವಲ್ಲ, ಕಾಯಿಲೆಯದೇ ಭಾಗ. ಕೆಲವರಿಗೆ ಇದರ ಜೊತೆ ಗೀಳೂ ಸೇರುತ್ತದೆ: ತೊಳೆದ ಕೈಯನ್ನೇ ತೊಳೆಯುವುದು, ಹಾಕಿದ ಬೀಗವನ್ನೇ ಮತ್ತೆ ಮತ್ತೆ ಎಳೆದು ನೋಡುವುದು.

ಮೊದಲು ಮನೋವೈದ್ಯರಿಗೆ ಎಲ್ಲ ಔಷಧಿಗಳನ್ನೂ ತೋರಿಸಿ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವ ಕೆಲವರಲ್ಲಿ ಗೀಳು ಶುರುವಾಗಬಹುದು, ಇದ್ದದ್ದು ಜಾಸ್ತಿಯಾಗಬಹುದು. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಮಂಕಾಗಿಸಬಹುದು. ಹಾಗಂತ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಆಮೇಲೆ ಚಿಕಿತ್ಸಕರ ಜೊತೆ ಕೂತು ತರಬೇತಿಗೆ ದಿನದ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಆಯ್ಕೆ ಕಾಯಿಲೆ ಇರುವವರದ್ದೇ ಆಗಿರಲಿ. ಅದನ್ನು ಸಣ್ಣ ಹಂತಗಳಾಗಿ ಒಡೆಯಿರಿ. ಶುರುವಿನಲ್ಲಿ ತಪ್ಪಾಗುವ ಮೊದಲೇ ಸುಳಿವು ಕೊಡಿ. ಕೈ ಕುದುರಿದಂತೆ ಸುಳಿವು ಕಡಿಮೆ ಮಾಡಿ. ವಾರಕ್ಕೆ ಎರಡು ಮೂರು ಸಲದಂತೆ ಕೆಲವು ತಿಂಗಳು ಬೇಕಾಗುತ್ತದೆ. ನೆನಪು, ಗಮನದ ಅಭ್ಯಾಸಕ್ಕೆಂದೇ ಇರುವ ಕಂಪ್ಯೂಟರ್ ಆಟಗಳೂ ಉಪಯೋಗಕ್ಕೆ ಬರುತ್ತವೆ. ಆದರೆ ಆಟದಲ್ಲಿ ಕಲಿತ ಉಪಾಯವನ್ನು ದಿನದ ಕೆಲಸದಲ್ಲಿ ಎಲ್ಲಿ ಬಳಸುವುದು ಅಂತ ಮಾತಾಡದಿದ್ದರೆ ಅದು ಅಲ್ಲಿಗೇ ಉಳಿದುಬಿಡುತ್ತದೆ.

ನಿಜವಾಗಿ ಎಚ್ಚರ ಬೇಕಿರುವುದು ನೆನಪಿನ ಪಟ್ಟಿಯ ವಿಷಯದಲ್ಲಿ. ಮರೆವಿಗೆ ಪಟ್ಟಿ ಒಳ್ಳೆಯ ಆಸರೆ. ಗೀಳಿರುವವರಿಗೆ ಅದೇ ಪಟ್ಟಿ ಪರೀಕ್ಷಿಸಲು ಹೊಸ ನೆಪವಾಗಬಹುದು. ಆದ್ದರಿಂದ ನಿಯಮ ಮೊದಲೇ ಮಾಡಿಕೊಳ್ಳಿ: ಬೀಗ ಹಾಕುವಾಗ ಕಣ್ಣು ಬೀಗದ ಮೇಲೇ ಇರಲಿ, ಒಂದು ಗುರುತು ಹಾಕಿ, ಪಟ್ಟಿ ಮಡಚಿ, ಹೊರಡಿ. ವಾಪಸ್ ಬಂದು ನೋಡುವಂತಿಲ್ಲ. ಹೆಚ್ಚು ಸಲ ನೋಡಿದಷ್ಟೂ ತಮ್ಮ ನೆನಪಿನ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ, ಅನುಮಾನ ಹೆಚ್ಚುತ್ತದೆ.

‘ಬೀಗ ಹಾಕಿದ್ನಾ ಅಮ್ಮಾ?’ ಅಂತ ಪದೇ ಪದೇ ಕೇಳಿದಾಗ ‘ಹೂಂ, ಹಾಕಿದ್ದೀಯ’ ಅನ್ನುವುದು ಸುಲಭ. ಆದರೆ ಆ ನೆಮ್ಮದಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ‘ಕಷ್ಟ ಆಗ್ತಿದೆ ಅಂತ ಗೊತ್ತು ಕಂದ, ಇದಕ್ಕೆ ಉತ್ತರ ಹೇಳಲ್ಲ ಅಂತ ಮಾತಾಡಿಕೊಂಡಿದ್ವಲ್ಲ’ ಅನ್ನಿ. ಗದರಬೇಡಿ. ಇದನ್ನೂ ಚಿಕಿತ್ಸಕರ ಜೊತೆ ಮೊದಲೇ ನಿರ್ಧರಿಸಿರಬೇಕು.

ಇನ್ನೊಂದು ಮಾತು. ‘ಕೈ ತೊಳಿ ಅಂತ ಯಾರೋ ಹೇಳ್ತಿದ್ದಾರೆ’ ಅಂದರೆ ಅದು ಗೀಳಾಗಿರದೆ ಭ್ರಮೆಯಾಗಿರಬಹುದು. ಅದರ ಚಿಕಿತ್ಸೆಯ ದಾರಿ ಬೇರೆ. ನಿದ್ದೆ ಕೆಟ್ಟು, ಇಂಥ ಧ್ವನಿಗಳು ಹೆಚ್ಚಾದರೆ ಈ ತರಬೇತಿ ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತಿಳಿಸಿ.