ಬಣ್ಣ ಬಂದರಷ್ಟೇ ಸಾಲದು: ಮಾದಕವಸ್ತು ಪರೀಕ್ಷೆಯಲ್ಲಿ ನನ್ನ ಅನುಭವ

ರಾಯಚೂರು ಜಿಲ್ಲೆಯ ಠಾಣೆಗಳಿಂದ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯದ ಮಾದಕವಸ್ತು ವಿಭಾಗಕ್ಕೆ ಬರುವ ಮುದ್ದೆಮಾಲಿನಲ್ಲಿ ಎರಡು ಬಗೆಯವೇ ಹೆಚ್ಚು. ಒಂದು, ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳ ಸಾಲುಗಳ ನಡುವೆ ಬೆಳೆದಿತ್ತೆಂದು ಕಿತ್ತು ತಂದ ಗಾಂಜಾ. ಇನ್ನೊಂದು, ನಿದ್ರೆ ಬರಿಸುವ ಸಿಎಚ್ ಪೌಡರ್ ಎಂಬ ರಾಸಾಯನಿಕ ಬೆರೆಸಿದ್ದಾರೆಂಬ ಅನುಮಾನದ ಮೇಲೆ ಹಿಡಿದ ಸೇಂದಿ. ಈ ವಿಭಾಗದಲ್ಲಿ ಬಹುಕಾಲ ದುಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ನಿಂತಿರುವ ಮಾತು ಇದು: ಯಾವುದೇ ಒಂದು ಪರೀಕ್ಷೆಯನ್ನು ನೆಚ್ಚಿ ಒಂದು ವಸ್ತುವನ್ನು ಇಂಥದ್ದೇ ಎಂದು ಬರೆಯಬಾರದು, ಬೇರೆ ಬೇರೆ ತತ್ತ್ವಗಳ ಮೇಲೆ ನಿಂತ ಪರೀಕ್ಷೆಗಳು ಒಂದೇ ಉತ್ತರ ಕೊಟ್ಟಾಗ ಮಾತ್ರ ಸಹಿ ಹಾಕಬೇಕು. ಆ ಸಹಿಯ ಆಚೆ ಒಬ್ಬ ಮನುಷ್ಯನ ಹತ್ತಾರು ವರ್ಷಗಳ ಜೈಲುವಾಸವಿರಬಹುದು.

ಪರೀಕ್ಷೆ ಆರಂಭವಾಗುವುದು ಅರಗಿನ ಮೊಹರಿನಿಂದ. ಲಕೋಟೆಯ ಮೇಲಿನ ಮೊಹರು ಠಾಣೆಯವರು ಕಳುಹಿಸಿದ ಮಾದರಿ ಮೊಹರಿಗೆ ಹೊಂದಬೇಕು, ಅಪರಾಧ ಸಂಖ್ಯೆ ಪತ್ರದೊಂದಿಗೆ ತಾಳೆಯಾಗಬೇಕು, ಪಂಚರ ಸಹಿ ಇರುವ ಚೀಟಿ ಹರಿದಿರಬಾರದು. 2022ರ ಡಿಸೆಂಬರ್‌ನಲ್ಲಿ ಬಂದ ಎನ್‌ಡಿಪಿಎಸ್ (ಮಾದಕವಸ್ತು ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ) ಜಪ್ತಿ ಮತ್ತು ಮಾದರಿ ಸಂಗ್ರಹ ನಿಯಮಗಳ ಪ್ರಕಾರ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು. ಅಫೀಮು, ಗಾಂಜಾ, ಚರಸ್ ಆದರೆ 24 ಗ್ರಾಂ, ಉಳಿದವುಗಳಲ್ಲಿ 5 ಗ್ರಾಂ, ಅದೂ ಎರಡು ಪ್ರತಿಗಳಲ್ಲಿ. ಮಾದರಿ ನಮ್ಮ ಕೈಸೇರಿದ 15 ದಿನಗಳೊಳಗೆ ವರದಿ ಹೋಗಬೇಕೆಂಬುದೂ ಆ ನಿಯಮಗಳಲ್ಲಿದೆ. ಮೊಹರು ಸರಿಯಿಲ್ಲದಿದ್ದರೆ ನಾನು ಪೊಟ್ಟಣ ಬಿಚ್ಚುವುದಿಲ್ಲ, ಕಾರಣ ಬರೆದು ಹಿಂದಿರುಗಿಸುತ್ತೇನೆ. ಎಷ್ಟು ದೂರದಿಂದ ಬಂದ ಪೇದೆಯಾದರೂ, ಆತನ ಮೇಲಿನ ಕನಿಕರಕ್ಕೆ ಈ ವಿಷಯದಲ್ಲಿ ಜಾಗವಿಲ್ಲ.

ಗಾಂಜಾದ ವಿಷಯಕ್ಕೆ ಬರುತ್ತೇನೆ. ಹೊಲದಿಂದ ಕಿತ್ತ ಹಸಿ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳುಹಿಸಿದರೆ, ನಮ್ಮ ಸೀಮೆಯ ಬಿಸಿಲಿನಲ್ಲಿ ಅದು ಬೆವರಿ, ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಯಲ್ಲಿಟ್ಟು ಕಳುಹಿಸಿ ಎಂದು ತನಿಖಾಧಿಕಾರಿಗಳಿಗೆ ಸಿಕ್ಕಾಗಲೆಲ್ಲ ಹೇಳುತ್ತಿರುತ್ತೇನೆ. ಹಸಿಯಾಗಿ ತೂಗಿದ ಮಾದರಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಒಣಗಿ ಹಗುರಾಗಿರುತ್ತದೆ; ಪಂಚನಾಮೆಯ ತೂಕಕ್ಕೂ ನನ್ನ ತಕ್ಕಡಿಯ ತೂಕಕ್ಕೂ ಇರುವ ವ್ಯತ್ಯಾಸವನ್ನು ಆರೋಪಿಯ ಪರ ವಕೀಲರು ಹಿಡಿದೇ ಹಿಡಿಯುತ್ತಾರೆ, ಹಿಡಿಯುವುದು ನ್ಯಾಯವೂ ಹೌದು. ಹಾಗಾಗಿ ಪೊಟ್ಟಣ ಬಿಚ್ಚಿದ ಕ್ಷಣದ ತೂಕ, ತೇವ, ಬಣ್ಣ, ವಾಸನೆ ಇವನ್ನೆಲ್ಲ ಆಗಲೇ ಕಾರ್ಯಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಆಮೇಲೆ ಮಾದರಿಯನ್ನು ಬಿಳಿ ಹಾಳೆಯ ಮೇಲೆ ಹರವಿ, ಹೂತೆನೆ, ಬೀಜ, ಎಲೆ, ಕಡ್ಡಿ ಎಂದು ಬೇರ್ಪಡಿಸಿ ನೋಡುತ್ತೇನೆ. ಈ ಕೆಲಸ ಸರಳವಾಗಿ ಕಂಡರೂ ಪ್ರಕರಣದ ಜೀವ ಇಲ್ಲಿಯೇ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಗಳ ಜೊತೆಗಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ ಎಂಬ ಲೆಕ್ಕವಿರುವಾಗ, ಬೇರು ಸಮೇತ ಗಿಡವನ್ನು ತಕ್ಕಡಿಗೆ ಹಾಕಿದರೆ ಆಗುವ ಅನ್ಯಾಯವನ್ನು ಊಹಿಸಬಹುದು. ಗಿಡ ಬೆಳೆದದ್ದೇ ಬೇರೆ ಅಪರಾಧ, ಅದಕ್ಕೆ ತೂಕದ ಹಂಗಿಲ್ಲ. ಗಾಂಜಾ ಇಟ್ಟುಕೊಂಡಿದ್ದಾನೆಂಬ ಆರೋಪಕ್ಕೆ ಮಾತ್ರ ತುದಿಗಳ ತೂಕವೇ ಆಧಾರವಾಗಬೇಕು. ನನಗೆ ಬಂದ 24 ಗ್ರಾಂನಲ್ಲಿ ಏನಿತ್ತೆಂದು ನಾನು ಹೇಳಬಲ್ಲೆನೇ ಹೊರತು, ಠಾಣೆಯಲ್ಲಿ ಏನನ್ನು ತೂಗಿದರೆಂದು ಹೇಳಲಾರೆ. ಆದರೆ ನನ್ನ ವರದಿಯಲ್ಲಿ ‘ಹೂತೆನೆಗಳು ಇವೆ’ ಅಥವಾ ‘ಎಲೆ ಮತ್ತು ಕಡ್ಡಿ ಮಾತ್ರ ಇವೆ’ ಎಂಬ ಸಾಲು ಇಲ್ಲದಿದ್ದರೆ ಆ ಪ್ರಶ್ನೆಯನ್ನು ಕೇಳಲು ಯಾರಿಗೂ ದಾರಿಯಿರುವುದಿಲ್ಲ.

ಗಿಡದ ಗುರುತಿಗೆ ಸೂಕ್ಷ್ಮದರ್ಶಕದಷ್ಟು ನಂಬಿಕೆಯ ಸಂಗಾತಿ ನನಗೆ ಇನ್ನೊಂದಿಲ್ಲ. ನಮ್ಮ ಹೊಲಗಳ ಬದುವಿನ ಮೇಲೆ ಬೆಳೆಯುವ ಪುಂಡಿ ಗಿಡದ ಎಲೆ ದೂರದಿಂದ ನೋಡಿದವರಿಗೆ ಗಾಂಜಾದಂತೆಯೇ ಕಾಣುತ್ತದೆ, ಒಣಗಿ ಪುಡಿಯಾದ ಮೇಲಂತೂ ಬರಿಗಣ್ಣಿಗೆ ಯಾವುದು ಯಾವುದೆಂದು ತಿಳಿಯದು. ಗಾಂಜಾ ಎಲೆಯ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದರೆ, ಮೇಲ್ಮೈಯಲ್ಲಿ ಬುಡ ದಪ್ಪಗಿದ್ದು ತುದಿ ಬಾಗಿದ, ಕರಡಿಯ ಉಗುರಿನಂಥ ಗಿಡ್ಡ ರೋಮಗಳು ಕಾಣುತ್ತವೆ. ಆ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಹರಳುಗಟ್ಟಿರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಅಂಚಿನಿಂದ ಹರಿಯಬಿಟ್ಟರೆ ರೋಮದ ಬುಡದಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ಎಲೆಯ ಕೆಳಮೈಯಲ್ಲಿ ಉದ್ದನೆಯ ತೆಳು ರೋಮಗಳು, ಹೂತೆನೆಯ ಎಸಳಿನ ಮೇಲೆ ಕಾಂಡದ ತುದಿಯಲ್ಲಿ ಗುಂಡನೆ ತಲೆಯುಳ್ಳ ರಾಳದ ಗ್ರಂಥಿಗಳು. ಹರಳುಬುಡದ ರೋಮ ಬೇರೆ ಕೆಲವು ಗಿಡಗಳಲ್ಲೂ ಉಂಟು. ಈ ಮೂರೂ ಒಟ್ಟಿಗೆ ಕಂಡಾಗಲೇ ಗಾಂಜಾ ಎನ್ನುವ ಧೈರ್ಯ ಬರುವುದು.

ಅನಂತರ ಡ್ಯೂಕೆನ್ವಾ-ಲೆವಿನ್ ಪರೀಕ್ಷೆ. ಗಿಡದ ಸಾರಕ್ಕೆ ವೆನಿಲಿನ್ ಮತ್ತು ಅಸಿಟಾಲ್ಡಿಹೈಡ್ ಇರುವ ದ್ರಾವಣ, ಅದರ ಮೇಲೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ನೇರಳೆ ಬಣ್ಣ ಏಳುತ್ತದೆ. ಕ್ಲೋರೋಫಾರ್ಮ್ ಸೇರಿಸಿ ಕುಲುಕಿದಾಗ ಆ ನೇರಳೆ ಕೆಳಪದರಕ್ಕೆ ಇಳಿಯಬೇಕು. ಕ್ಲೋರೋಫಾರ್ಮಿನ ಹಂತವನ್ನು ಬಿಟ್ಟು ಬಣ್ಣ ಕಂಡೊಡನೆ ತೀರ್ಮಾನಕ್ಕೆ ಬರುವುದು ಅಪಾಯಕರ, ಏಕೆಂದರೆ ಬೇರೆ ಕೆಲವು ಸಸ್ಯಸಾರಗಳೂ ಮೊದಲ ಹಂತದಲ್ಲಿ ನೇರಳೆಯ ಛಾಯೆ ತೋರುತ್ತವೆ. ಇದಾದ ಮೇಲೆ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ತೋರುವ, ಸಿಲಿಕಾ ಲೇಪಿಸಿದ ಟಿಎಲ್‌ಸಿ ತಟ್ಟೆಯ ಮೇಲೆ ಮಾದರಿ, ಪ್ರಮಾಣಿತ ವಸ್ತು ಮತ್ತು ಬರಿಯ ದ್ರಾವಕ, ಈ ಮೂರರ ಚುಕ್ಕೆಗಳನ್ನಿಟ್ಟು, ದ್ರಾವಕವನ್ನು ತಟ್ಟೆಯ ಮೇಲೆ ಏರಿಸಿ, ಬಣ್ಣ ಬರಿಸುವ ಫಾಸ್ಟ್ ಬ್ಲೂ ಬಿ ಸಿಂಪಡಿಸುತ್ತೇನೆ. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಕೆಂಪಾಗಿ, ಅದೇ ಗಿಡದ ಇತರ ಅಂಶಗಳಾದ ಕ್ಯಾನಬಿಡಿಯಾಲ್ ಕಿತ್ತಳೆಯಾಗಿ, ಕ್ಯಾನಬಿನಾಲ್ ನೇರಳೆಯಾಗಿ ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಹಳೆಯ ಮಾದರಿಯಲ್ಲಿ ನೇರಳೆ ಚುಕ್ಕೆ ದಟ್ಟವಾಗಿರುತ್ತದೆ. ಗಾಳಿ, ಬೆಳಕು, ಶಾಖಕ್ಕೆ ಸಿಕ್ಕ ಟಿಎಚ್‌ಸಿ ನಿಧಾನವಾಗಿ ಕ್ಯಾನಬಿನಾಲ್ ಆಗುತ್ತಾ ಹೋಗುವುದೇ ಇದಕ್ಕೆ ಕಾರಣ.

ಕೊನೆಯ ಮಾತು ಜಿಸಿ-ಎಂಎಸ್ ಯಂತ್ರದ್ದು. ಅದರ ಕಾಲಂನಲ್ಲಿ ಮಿಶ್ರಣದ ಅಂಶಗಳು ಬೇರೆ ಬೇರೆ ಸಮಯಕ್ಕೆ ಹೊರಬೀಳುತ್ತವೆ, ಬಿದ್ದ ಅಂಶವನ್ನು ಎಲೆಕ್ಟ್ರಾನುಗಳ ಹೊಡೆತಕ್ಕೆ ಒಡ್ಡಿ ಚೂರಾಗಿಸಿ ಆ ಚೂರುಗಳ ರಾಶಿಯನ್ನು ಅಳೆಯಲಾಗುತ್ತದೆ. ಟಿಎಚ್‌ಸಿ ಮತ್ತು ಕ್ಯಾನಬಿಡಿಯಾಲ್ ಎರಡರ ಅಣುರಾಶಿಯೂ 314. ಆದರೆ ಟಿಎಚ್‌ಸಿಯಲ್ಲಿ 299ರ ಚೂರು ಎತ್ತರ, ಕ್ಯಾನಬಿಡಿಯಾಲಿನಲ್ಲಿ 231ರದು. ಪ್ರತಿ ಮಾದರಿಗೆ ಮುನ್ನ ಬರಿಯ ದ್ರಾವಕವನ್ನು ಯಂತ್ರಕ್ಕೆ ಹಾಕಿ, ಹಿಂದಿನ ಮಾದರಿಯ ಶೇಷ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ದಾಖಲೆ ಕಡತದಲ್ಲಿರಬೇಕು. ನ್ಯಾಯಾಲಯದಲ್ಲಿ ನನ್ನನ್ನು ಕೇಳಿದ ಅತಿ ಒಳ್ಳೆಯ ಪ್ರಶ್ನೆಗಳೆಲ್ಲ ಈ ಖಾಲಿ ಓಟದ ಬಗ್ಗೆಯೇ ಇದ್ದವು.

ಬಿಳಿ ಪುಡಿ, ಮಾತ್ರೆಗಳು ನಮ್ಮ ಕಡೆಯಿಂದ ಬರುವುದು ಕಡಿಮೆಯಾದರೂ ಕ್ರಮ ಅದೇ. ಮಾರ್ಕ್ವಿಸ್ ದ್ರಾವಣಕ್ಕೆ ಹೆರಾಯಿನ್ ನೇರಳೆ, ಆಂಫೆಟಮೀನ್ ಕಿತ್ತಳೆ-ಕಂದು, ಎಂಡಿಎಂಎ ಕಪ್ಪು ಬಣ್ಣ ಕೊಡುತ್ತದೆ; ಅದು ಮುಂದೆ ಯಾವ ದಾರಿ ಹಿಡಿಯಬೇಕೆಂಬ ಸೂಚನೆ ಮಾತ್ರ. ಶುದ್ಧತೆಯ ಶೇಕಡಾವಾರು ಎಷ್ಟೆಂಬ ಪ್ರಶ್ನೆ ಮೊದಲು ಬಹಳ ತೂಕದ್ದಾಗಿತ್ತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೆರೆಸಿದ ತಟಸ್ಥ ಪುಡಿಯನ್ನೂ ಸೇರಿಸಿ ಇಡೀ ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದ ಮೇಲೆ ಶಿಕ್ಷೆಯ ಲೆಕ್ಕದಲ್ಲಿ ಅದರ ಪಾತ್ರ ಕುಗ್ಗಿದೆ.

ಇನ್ನು ಸೇಂದಿ. ಇದರ ಬಗ್ಗೆ ನನಗೆ ಹೆಚ್ಚು ಕಳಕಳಿಯಿದೆ, ಏಕೆಂದರೆ ಇದನ್ನು ಕುಡಿಯುವವರು ದಿನಗೂಲಿಯವರು, ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು. ಈಚಲ ಮರದ ಹೆಸರು ಹೇಳಿ ಮಾರುವ ಆ ಬಿಳಿ ನೀರಿನಲ್ಲಿ ಮರದ ರಸವೇ ಇಲ್ಲದಿರಬಹುದು. ಸಿಎಚ್ ಪೌಡರ್ ಎಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಲೀಬಿಗ್ ತಯಾರಿಸಿದ, ಹಿಂದೆ ನಿದ್ರೆಯ ಔಷಧವಾಗಿ ಬಳಕೆಯಲ್ಲಿದ್ದ ರಾಸಾಯನಿಕ. ಸೇಂದಿಯ ಬಾಟಲಿ ನಮ್ಮಲ್ಲಿಗೆ ಬರುವಾಗಲೂ ಒಳಗೆ ಹುದುಗುತ್ತಲೇ ಇರುತ್ತದೆ. ಕಂಠಮಟ್ಟ ತುಂಬಿದ್ದರೆ ಬಿರಡೆ ಹಾರಿ ಮೊಹರು ಒಡೆಯುತ್ತದೆ, ಆದ್ದರಿಂದ ಮೇಲೆ ಜಾಗ ಬಿಟ್ಟು, ತಂಪಿನಲ್ಲಿಟ್ಟು, ಬೇಗ ಕಳುಹಿಸಬೇಕು.

ಮಾದರಿಗೆ ಟಾರ್ಟಾರಿಕ್ ಆಮ್ಲ ಸೇರಿಸಿ ಹಬೆಯಲ್ಲಿ ಬಟ್ಟಿ ಇಳಿಸಿ, ಬಂದ ದ್ರವಕ್ಕೆ ಕಾಸ್ಟಿಕ್ ಸೋಡಾ ಮತ್ತು ಪಿರಿಡಿನ್ ಹಾಕಿ ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ, ಕ್ಲೋರಲ್ ಇದ್ದಲ್ಲಿ ಪಿರಿಡಿನ್ ಪದರ ಗುಲಾಬಿ-ಕೆಂಪಾಗುತ್ತದೆ. ಇದು ಫುಜಿವಾರಾ ಪರೀಕ್ಷೆ. ಇದರ ದೊಡ್ಡ ತೊಡಕೆಂದರೆ ಕ್ಲೋರೋಫಾರ್ಮ್ ಕೂಡ ಇದೇ ಬಣ್ಣ ಕೊಡುತ್ತದೆ, ಮತ್ತು ಕ್ಲೋರೋಫಾರ್ಮ್ ನಮ್ಮ ಕೋಣೆಯ ಗಾಳಿಯಲ್ಲೇ ಸುಳಿಯುತ್ತಿರುತ್ತದೆ. ಪಕ್ಕದ ಮೇಜಿನಲ್ಲಿ ಯಾರೋ ಗಾಂಜಾ ಸಾರವನ್ನು ಕ್ಲೋರೋಫಾರ್ಮಿನಲ್ಲಿ ಕುಲುಕುತ್ತಿದ್ದರೆ ಬರಿಯ ನೀರಿನ ನಳಿಕೆಯೂ ಗುಲಾಬಿಯಾಗಬಹುದು. ಅದಕ್ಕಾಗಿ ನಾನು ಈ ಪರೀಕ್ಷೆಯನ್ನು ಬೆಳಿಗ್ಗೆ ಕ್ಲೋರೋಫಾರ್ಮಿನ ಬಾಟಲಿ ತೆರೆಯುವ ಮೊದಲೇ, ಆವಿಯನ್ನು ಹೊರಗೆಳೆಯುವ ಹೊಗೆಗೂಡಿನೊಳಗೆ ಮಾಡುತ್ತೇನೆ. ಮಾದರಿ, ಕ್ಲೋರಲ್ ಸೇರಿಸಿದ ನೀರು, ಶುದ್ಧ ನೀರು, ಈ ಮೂರು ನಳಿಕೆಗಳು ಅಕ್ಕಪಕ್ಕದಲ್ಲಿ ಒಟ್ಟಿಗೇ ಕಾಯುತ್ತವೆ. ಶುದ್ಧ ನೀರಿನ ನಳಿಕೆಯಲ್ಲಿ ಎಳ್ಳಷ್ಟು ಬಣ್ಣ ಕಂಡರೂ ಆ ಸರದಿಯನ್ನೇ ರದ್ದು ಮಾಡುತ್ತೇನೆ. ಕ್ಲೋರಲ್ ಮತ್ತು ಕ್ಲೋರೋಫಾರ್ಮ್ ಇವೆರಡನ್ನು ಬಿಡಿಸಿ ಹೇಳುವುದು ಜಿಸಿ-ಎಂಎಸ್: ಕ್ಲೋರೋಫಾರ್ಮಿನಲ್ಲಿ 83 ಮತ್ತು 85ರ ಚೂರುಗಳು ಎದ್ದು ಕಂಡರೆ, ಕ್ಲೋರಲ್‌ನಲ್ಲಿ 82 ಮತ್ತು 84.

ಕ್ಲೋರಲ್ ಸಿಗಲಿಲ್ಲವೆಂದರೆ ಕೆಲಸ ಮುಗಿಯಿತು ಎಂದಲ್ಲ. ಅಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ನಿದ್ರೆಮಾತ್ರೆಯ ಪುಡಿಗಳೂ ಸೇಂದಿಗೆ ಬೀಳುತ್ತವೆ; ಅವು ಎನ್‌ಡಿಪಿಎಸ್ ಪಟ್ಟಿಯಲ್ಲಿರುವ ವಸ್ತುಗಳು, ಅಲ್ಪ್ರಜೋಲಾಮ್‌ಗೆ 100 ಗ್ರಾಂ ವಾಣಿಜ್ಯ ಪ್ರಮಾಣ. ಇವು ಹಬೆಯಲ್ಲಿ ಬಟ್ಟಿಯಾಗಿ ಬರುವುದಿಲ್ಲ, ಆದ್ದರಿಂದ ಇನ್ನೊಂದು ಭಾಗವನ್ನು ಕ್ಷಾರೀಯಗೊಳಿಸಿ, ಸಾವಯವ ದ್ರಾವಕಕ್ಕೆ ಎಳೆದುಕೊಂಡು, ಆರಿಸಿ, ಟಿಎಲ್‌ಸಿ ಮತ್ತು ಜಿಸಿ-ಎಂಎಸ್ ಎರಡರಲ್ಲೂ ನೋಡಬೇಕು. ಅಲ್ಪ್ರಜೋಲಾಮ್ 308ರ ಅಣುರಾಶಿಯೊಂದಿಗೆ 279 ಮತ್ತು 204ರ ಚೂರುಗಳನ್ನು ತೋರುತ್ತದೆ. ಸಿಎಚ್ ಪೌಡರ್ ಇದೆಯೇ ಎಂದು ಮಾತ್ರ ಠಾಣೆಯವರು ಕೇಳಿದ್ದರೂ ನಾನು ಈ ಪರೀಕ್ಷೆಯನ್ನು ಬಿಡುವುದಿಲ್ಲ.

ಏನೂ ಸಿಗದಿದ್ದಾಗ ‘ಪತ್ತೆಯಾಗಿಲ್ಲ’ ಎಂದು ಬರೆಯುವಾಗಲೂ ಯಾವ ಯಾವ ವಸ್ತುಗಳಿಗಾಗಿ, ಯಾವ ವಿಧಾನದಿಂದ ಹುಡುಕಿದೆ ಎಂಬುದನ್ನು ಸೇರಿಸುತ್ತೇನೆ. ಅಂಥ ವರದಿ ತಲುಪಿದ ಮೇಲೆ ತನಿಖಾಧಿಕಾರಿಗಳ ಫೋನ್ ಬರುವುದುಂಟು: “ಸರ್, ಅದನ್ನ ಕುಡಿದ ಮಂದಿ ಎಚ್ಚರ ತಪ್ಪಿ ದವಾಖಾನಿ ಸೇರ್ಯಾರ್ರೀ, ನೀವು ಏನೂ ಇಲ್ಲಂತ ಬರದೀರಿ.” ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹಿಡಿದ ಬಾಟಲಿ ಅವರು ಕುಡಿದ ಬಾಟಲಿಯೇ ಆಗಿರಬೇಕೆಂದಿಲ್ಲ, ಮತ್ತು ನನ್ನ ಉತ್ತರ ನನ್ನ ಮುಂದಿದ್ದ ಬಾಟಲಿಗೆ ಮಾತ್ರ ಸೀಮಿತ. ಆಗ ನಾನು ಹೇಳುವುದಿಷ್ಟು: ಆಸ್ಪತ್ರೆಗೆ ಸೇರಿದ ದಿನವೇ ವೈದ್ಯರ ಮೂಲಕ ತೆಗೆದ ರಕ್ತ ಮತ್ತು ಮೂತ್ರದ ಮಾದರಿ ಇದ್ದರೆ ವಿಷಪರೀಕ್ಷಾ ವಿಭಾಗಕ್ಕೆ ಕಳುಹಿಸಿ. ದೇಹದೊಳಗೆ ಕ್ಲೋರಲ್ ಹೈಡ್ರೇಟ್ ಬಹುಬೇಗ ಟ್ರೈಕ್ಲೋರೋಎಥನಾಲ್ ಆಗಿ ಮಾರ್ಪಡುತ್ತದೆ, ಹುಡುಕಬೇಕಾದದ್ದು ಅದನ್ನು. ಪತ್ರದಲ್ಲಿ ಆ ಹೆಸರನ್ನೇ ಬರೆದು ಕೇಳಿ.