ನಿಂತ ಬೈಕಿಗೆ ಕಿಕ್ ಹೊಡೆಯುವುದು ಕೊನೆಗೆ, ಮೊದಲಿಗಲ್ಲ

ದಸರೆ ಸೂಟಿಗೆ ಬೆಂಗಳೂರಿನಿಂದಲೋ ಪುಣೆಯಿಂದಲೋ ಮಗ ಊರಿಗೆ ಬರುತ್ತಾನೆ. ತಗಡಿನ ಶೆಡ್ಡಿನಲ್ಲಿ ನಾಲ್ಕಾರು ವರ್ಷದಿಂದ ನಿಂತಿದ್ದ ಅಪ್ಪನ ಬೈಕನ್ನು ಖಂಡೆ ಪೂಜೆಗೆಂದು ಹೊರಗೆಳೆದು ತೊಳೆಯುತ್ತಾನೆ. ಹಾರ ಹಾಕಿ, ಲಿಂಬೆಹಣ್ಣು ಇಟ್ಟು ಪೂಜೆ ಮುಗಿದ ಮೇಲೆ ಕಿಕ್ ಹೊಡೆಯಲು ಶುರು. ಕಾಲು ಸೋತ ಮೇಲೆ ಓಣಿಯ ಹುಡುಗರು ಹಿಂದಿನಿಂದ ದೂಡುತ್ತಾರೆ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡುತ್ತಾರೆ. ಕೆಲವು ಬೈಕು ಹಾಗೇ ಚಾಲೂ ಆಗಿಯೂ ಬಿಡುತ್ತವೆ. ಆದರೆ ಸ್ವಲ್ಪ ದಿನದಲ್ಲೇ ಅವು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಕೆಟ್ಟು, ಪಿಸ್ಟನ್ ಹಿಡಿದುಕೊಂಡು ಮೇಸ್ತ್ರಿಯ ಅಂಗಡಿಯಲ್ಲಿ ಬಿಚ್ಚಿ ಬಿದ್ದಿರುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನು ನೋಡಿ ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಹಳ ದಿನ ನಿಂತ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಎಣ್ಣೆ ಕೆಳಗಿಳಿದು ಹೋಗಿರುತ್ತದೆ. ಪಿಸ್ಟನ್ ರಿಂಗ್ ಒಣಗಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ತೇವದಲ್ಲಿ ನಿಂತಿದ್ದರೆ ಒಳಗೆ ತೆಳುವಾಗಿ ತುಕ್ಕೂ ಹಿಡಿದಿರುತ್ತದೆ. ಮೊದಲ ಕಿಕ್ಕಿನಲ್ಲೇ ಆ ತುಕ್ಕು ರಿಂಗಿಗೂ ಬೋರಿಗೂ ನಡುವೆ ಸಿಕ್ಕಿ ಗೀರು ಎಳೆಯುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರಿಗೆ ಟ್ಯಾಂಕಿನ ತಳದ ಕೆಸರು ಇಳಿಯುವುದೂ ಆಗಲೇ. “ಅಷ್ಟೆಲ್ಲಾ ಬಿಚ್ಚೂದು ಬ್ಯಾಡ್ರಿ, ಒಂದ್ ಲೀಟರ್ ಪೆಟ್ರೋಲ್ ಹಾಕ್ರಿ, ತಾನಾ ಚಾಲೂ ಆಗ್ತೈತಿ” ಎನ್ನುವವರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಆ ಮಾತು ಕೇಳಬೇಡಿ. ಎರಡು ದಿನ ಬಿಡುವು ಮಾಡಿಕೊಂಡೇ ಕೆಲಸಕ್ಕೆ ಕೂಡಿ.

ಇಲ್ಲಿ ಹೇಳುವುದು ಕಾರ್ಬೋರೇಟರ್ ಇರುವ ಗಾಡಿಗಳಿಗೆ ಮಾತ್ರ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಫ್ಯೂಯಲ್ ಇಂಜೆಕ್ಷನ್ನಿಗೆ (ಕಾರ್ಬೋರೇಟರ್ ಇಲ್ಲದೆ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆಗೆ) ಬಂದವು. ಅಂಥ ಬೈಕು ನಿಂತಿದ್ದರೆ ಹಳೆ ಪೆಟ್ರೋಲ್ ತೆಗೆಸಿ, ಬ್ಯಾಟರಿ ಚಾರ್ಜ್ ಮಾಡಿಸಿ. ಮುಂದಿನ ಕೆಲಸ ಸರ್ವಿಸ್ ಸೆಂಟರಿನವರಿಗೆ ಬಿಡಿ.

1. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ

ಒಳ್ಳೆಯ ಪೆಟ್ರೋಲಿನ ವಾಸನೆ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಕೆಟ್ಟ ಪೆಟ್ರೋಲ್ ಬಾಗಿಲಿಗೆ ಹಚ್ಚುವ ವಾರ್ನಿಷ್ ಥರ ನಾರುತ್ತದೆ, ಬಣ್ಣ ಕಪ್ಪಿಟ್ಟಿರುತ್ತದೆ. ಆರು ತಿಂಗಳು ದಾಟಿದ ಪೆಟ್ರೋಲನ್ನು ನಾನಂತೂ ಎಂಜಿನ್ನಿಗೆ ಬಿಡುವುದಿಲ್ಲ, ವಾಸನೆ ಹೇಗೇ ಇರಲಿ.

ಈಗಿನ ಪೆಟ್ರೋಲಿನ ಗುಣವೂ ಬೇರೆ. ಕಬ್ಬು, ಗೋವಿನಜೋಳ, ಅಕ್ಕಿಯಿಂದ ತೆಗೆದ ಎಥೆನಾಲ್ ಅದರಲ್ಲಿ ಶೇ 20ರ ವರೆಗೂ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಹೆಚ್ಚಾದಾಗ ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಬಿಡುವ, ಮುಚ್ಚುವ ಕಾಕ್ ಇರುವುದೂ ತಳದಲ್ಲೇ, ಹಾಗಾಗಿ ಕಾರ್ಬೋರೇಟರಿಗೆ ಮೊದಲು ಹೋಗುವುದು ಈ ನೀರು. ರಾಜ್ಯೋತ್ಸವಕ್ಕೆ ತುಂಬಿಸಿ ಯುಗಾದಿಗೆ ಹೊರತೆಗೆದರೂ ನಡೆಯುತ್ತಿದ್ದ ಕಾಲ ಹೋಯಿತು. ಹಳೆ ಗಾಡಿಯ ರಬ್ಬರ್ ಪೈಪು, ಕಾಕಿನ ವಾಷರ್ ಈ ಮಿಶ್ರಣಕ್ಕೆಂದು ಮಾಡಿದವಲ್ಲ, ಉಬ್ಬಿ ಮೆತ್ತಗಾಗುತ್ತವೆ. ಪೈಪನ್ನು ನೋಡುತ್ತ ಕೂಡುವುದೇ ಬೇಡ, ಹೊಸದು ಹಾಕಿ.

ಪೆಟ್ರೋಲನ್ನು ಕ್ಯಾನಿಗೆ ಇಳಿಸಿ ಟ್ಯಾಂಕ್ ಬಿಚ್ಚಿ. ಹಳೆ ಪೆಟ್ರೋಲನ್ನು ಗಟಾರಕ್ಕೆ ಸುರಿಯಬೇಡಿ, ಹೊಲದ ಕಸ ಸುಡಲು ಬಳಸಬೇಡಿ. ಆವಿಗೆ ಬೆಂಕಿ ಹಿಡಿದು ಕೈ-ಮುಖ ಸುಟ್ಟುಕೊಂಡವರಿದ್ದಾರೆ. ಹಳೆ ಎಣ್ಣೆ ಕೊಂಡೊಯ್ಯುವವರಿಗೆ ಗ್ಯಾರೇಜಿನವರು ಒಟ್ಟಿಗೆ ಕೊಡುತ್ತಾರೆ, ಅಲ್ಲಿಗೆ ಮುಟ್ಟಿಸಿ. ಈ ಕೆಲಸವೆಲ್ಲ ಅಂಗಳದಲ್ಲಿ ಆಗಲಿ. ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು.

ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕು ಕಂಡರೆ ಕಾಕ್ ಮತ್ತು ಪೆಟ್ರೋಲ್ ಮೀಟರಿನ ಫ್ಲೋಟ್ ತೆಗೆದು ಆ ಬಾಯಿಗಳನ್ನು ರಬ್ಬರಿನಿಂದ ಗಟ್ಟಿಯಾಗಿ ಮುಚ್ಚಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಹರಳು ಕರಗಿಸಿ ಟ್ಯಾಂಕ್ ತುಂಬಿಸಿ ಒಂದು ರಾತ್ರಿ ಬಿಡಿ. ತುಕ್ಕು ದಪ್ಪವಿದ್ದರೆ ಒಂದಿಷ್ಟು ನಟ್ಟು ಹಾಕಿ ಅಲುಗಾಡಿಸಿ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಸ್ವಲ್ಪ ಎಂಜಿನ್ ಆಯಿಲ್ ಒಳಗೆಲ್ಲ ಹರಿದಾಡಿಸಿ. ತೊಳೆದ ಟ್ಯಾಂಕನ್ನು ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು ಹಿಡಿಯುತ್ತದೆ.

ಟ್ಯಾಂಕಿನ ಒಳಗೆ ಬಳಿಯುವ ಸೀಲರ್ ಬಣ್ಣ ಮಾರುತ್ತಾರೆ. ಸರಿಯಾಗಿ ಸ್ವಚ್ಛವಾಗದ ಟ್ಯಾಂಕಿಗೆ ಅದನ್ನು ಹಾಕಿದರೆ ಹಾಳೆ ಹಾಳೆಯಾಗಿ ಎದ್ದು ಕಾಕಿಗೆ ಅಡರುತ್ತದೆ. ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ತೂತಾದ ಟ್ಯಾಂಕಿಗೆ ಹೊಸ ಟ್ಯಾಂಕೇ ದಾರಿ.

2. ಏರ್ ಫಿಲ್ಟರ್, ಸೈಲೆನ್ಸರ್

ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಮಾಡಿರುತ್ತದೆ, ಸೈಲೆನ್ಸರ್ ಬಾಯಲ್ಲಿ ಕಡಜ ಮಣ್ಣು ಕಟ್ಟಿರುತ್ತದೆ. ಎರಡನ್ನೂ ಸ್ವಚ್ಛ ಮಾಡಿ. ನವಲಗುಂದ, ರೋಣದ ಎರಿ ಹೊಲದ ದಾರಿಯಲ್ಲಿ ಓಡಿದ ಗಾಡಿಯಾದರೆ ಫಿಲ್ಟರ್ ಹೊಸದೇ ಹಾಕಿ. ಆ ನುಣುಪು ಧೂಳು ಬಡಿದರೆ ಹೋಗುವುದಿಲ್ಲ. ವೈರಿಂಗ್ ಮೇಲೂ ಒಮ್ಮೆ ಕಣ್ಣಾಡಿಸಿ, ಇಲಿ ಅದನ್ನೂ ಬಿಡುವುದಿಲ್ಲ.

3. ಸಿಲಿಂಡರಿಗೆ ಎಣ್ಣೆ

ಪ್ಲಗ್ ಸುತ್ತಲಿನ ಮಣ್ಣನ್ನು ಊದಿ ತೆಗೆದು, ಆಮೇಲೆ ಪ್ಲಗ್ ಬಿಚ್ಚಿ. ಆ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಮರುದಿನ ನಡು ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು ಹಿಂದಿನ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಗಾಲಿಯ ಜೊತೆ ಎಂಜಿನ್ ಹಗುರಾಗಿ ತಿರುಗಿದರೆ ಒಳ್ಳೆಯದು. ಗಟ್ಟಿಯಾಗಿ ನಿಂತರೆ ಒತ್ತಾಯ ಮಾಡಬೇಡಿ. ಡೀಸೆಲ್ ಮತ್ತು ಆಯಿಲ್ ಸಮಸಮ ಬೆರೆಸಿ ಮತ್ತೆ ಬಿಟ್ಟು ಇನ್ನೊಂದೆರಡು ದಿನ ಕಾಯಿರಿ. ಆಗಲೂ ಅಲುಗದಿದ್ದರೆ ಸಿಲಿಂಡರಿನ ಮೇಲಿನ ಹೆಡ್ ಬಿಚ್ಚಿಸಲೇಬೇಕು. ಕಿಕ್ಕರಿನ ಮೇಲೆ ನಿಂತು ಒದ್ದರೆ ಕಿಕ್ ಶಾಫ್ಟಿನ ಹಲ್ಲೂ ಹೋಗುತ್ತದೆ.

ಫೋರ್ ಸ್ಟ್ರೋಕ್ ಗಾಡಿಯಾದರೆ ಎಂಜಿನ್ ಆಯಿಲ್ ಬದಲಿಸಿ. ಇಳಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ ಎಂದೇ ಅರ್ಥ. ಹಾಗಿದ್ದರೆ ಈಗ ಅಗ್ಗದ ಎಣ್ಣೆ ಹಾಕಿ, ಕೊನೆಗೆ ಬೈಕು ಚಾಲೂ ಆದಾಗ ಹತ್ತು ನಿಮಿಷ ಓಡಿಸಿ ಚೆಲ್ಲಿ, ಆಮೇಲೆ ಒಳ್ಳೆಯ ಎಣ್ಣೆ ಹಾಕಿ.

4. ಕಾರ್ಬೋರೇಟರ್: ಎಲ್ಲರೂ ಎಡವುವುದು ಇಲ್ಲೇ

ಹೊರಗಿನಿಂದ ಸ್ಪ್ರೇ ಹೊಡೆದು “ಕ್ಲೀನ್ ಆತು” ಎನ್ನುವುದು ಕ್ಲೀನ್ ಅಲ್ಲ. ಒಣಗಿದ ಪೆಟ್ರೋಲ್ ಹಸಿರು-ಕಂದು ಅಂಟಾಗಿ ಒಳಗಿನ ಸಣ್ಣ ದಾರಿಗಳಲ್ಲಿ ಕೂತಿರುತ್ತದೆ. ನೀರು ತಾಗಿದ ಕಡೆ ಬಿಳಿ ಪುಡಿ ಎದ್ದಿರುತ್ತದೆ. ಬಿಚ್ಚದೆ ಅದು ಹೋಗುವುದಿಲ್ಲ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಯಾವ ಪೈಪು ಎಲ್ಲಿಗೆ ಎನ್ನುವ ನೆನಪು ಸಂಜೆಗೆ ಉಳಿದಿರುವುದಿಲ್ಲ. ಒಂದು ತಾಟಿನಲ್ಲಿ ಬಿಳಿ ಅರಿವೆ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಇಡಿ. ಕಾರ್ಬೋರೇಟರಿನ ಕೆಳಗಿನ, ಪೆಟ್ರೋಲ್ ನಿಲ್ಲುವ ಬೌಲಿನ ಸ್ಕ್ರೂ ಮೆತ್ತಗಿನ ಲೋಹದವು. ತಲೆಗೆ ಸರಿಯಾಗಿ ಕೂಡುವ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ ಹಿಡಿದು ತಿರುಗಿಸಿ. ಸಡಿಲ ಡ್ರೈವರಿನಿಂದ ತಲೆ ಸವೆದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಬೌಲ್ ಬಂದ ಮೇಲೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಕಾಣುತ್ತದೆ. ಅದರ ಪಿನ್ನನ್ನು ತೆಳ್ಳಗಿನ ಮೊಳೆಯಿಂದ ಮೆಲ್ಲಗೆ ದೂಡಿ. ಸುತ್ತಿಗೆ ಬೇಡ. ಪಿನ್ ಹಿಡಿದ ಎರಡು ಕಂಬಗಳಲ್ಲಿ ಒಂದು ಮುರಿದರೂ ಕಾರ್ಬೋರೇಟರ್ ಮೂಲೆಗೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಫ್ಲೋಟಿನಡಿಯ ಸೂಜಿಯ ತುದಿಯನ್ನು ಉಗುರಿನಿಂದ ಸವರಿ. ಅಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಹೊಸದು ಹಾಕಿ, ಇಲ್ಲವಾದರೆ ಪೆಟ್ರೋಲ್ ಸೋರುವುದು ನಿಲ್ಲುವುದಿಲ್ಲ.

ಕಾರ್ಬೋರೇಟರಿನ ಪಕ್ಕದಲ್ಲಿ ಗಾಳಿ ಹೊಂದಿಸುವ ಏರ್ ಸ್ಕ್ರೂ ಇದೆ. ಬಿಚ್ಚುವ ಮೊದಲು ಅದನ್ನು ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಗೋಡೆಯ ಮೇಲಾದರೂ ಬರೆದಿಡಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ ತರಬೇಕು. ತಳ ಮುಟ್ಟಿದ ಮೇಲೆ ಬಿಗಿ ಮಾಡಬೇಡಿ.

ಈಗ ಎರಡು ಹಿತ್ತಾಳೆ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡುಗಳು. ದೊಡ್ಡದು ಮೇನ್ ಜೆಟ್, ಅದರಲ್ಲಿ ತೊಂದರೆ ಕಡಿಮೆ. ಚಿಕ್ಕದು ಸ್ಲೋ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು, ಹಾಗಾಗಿ ಮೊದಲು ಕಟ್ಟಿಕೊಳ್ಳುವುದು ಅದೇ. ಚೋಕ್ ಎಳೆದಾಗ ಚಾಲೂ ಆಗಿ, ಚೋಕ್ ಬಿಟ್ಟ ಕೂಡಲೇ ನಿಲ್ಲುವ ಬೈಕಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಕಟ್ಟಿರುವುದು ಈ ಜೆಟ್ಟೇ. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಸುತ್ತ ಅಂಚು ಶುದ್ಧವಾಗಿ, ದುಂಡಗೆ ಬೆಳಕು ಕಾಣಬೇಕು. “ಸ್ವಲ್ಪ ಕಾಣಸ್ತೈತಿ” ಎನ್ನುವಷ್ಟು ಸಾಲದು.

ಇಲ್ಲಿಯೇ ಜನ ಹೊಲಿಗೆ ಸೂಜಿ, ಸೇಫ್ಟಿ ಪಿನ್ ಹಾಕಿ ತಿವಿಯುತ್ತಾರೆ. ಉಕ್ಕಿನ ಸೂಜಿ ಹಿತ್ತಾಳೆಯನ್ನು ಕೆರೆದು ತೂತನ್ನು ದೊಡ್ಡದು ಮಾಡುತ್ತದೆ. ಆಮೇಲೆ ಐಡಲ್ (ಆಕ್ಸಿಲರೇಟರ್ ಕೊಡದಾಗಿನ ಓಟ) ಎಂದೂ ಸರಿಹೋಗುವುದಿಲ್ಲ, ಮೈಲೇಜೂ ಬೀಳುತ್ತದೆ. ಕರೆಂಟಿನ ವೈರಿನೊಳಗಿನ ತಾಮ್ರದ ಒಂದೇ ಎಳೆ ತೆಗೆದು ಅದನ್ನು ಬಳಸಿ. ಜೆಟ್ಟನ್ನು ಮೊದಲು ಪೆಟ್ರೋಲಿನಲ್ಲಿ ಒಂದೆರಡು ತಾಸು ನೆನೆಹಾಕಿ, ಆಮೇಲೆ ಎಳೆ ತೂರಿಸಿ. ಜೆಟ್ಟಿನ ಬದಿಯ ಸಣ್ಣ ತೂತುಗಳನ್ನು ಮರೆಯಬೇಡಿ. ಮೇಲಿನಿಂದ ಬೆಳಕು ಕಂಡರೂ ಅವು ಕಟ್ಟಿರಬಹುದು.

ಜೆಟ್ ಸ್ವಚ್ಛವಾದರೂ ಅದು ಕೂಡುವ ದಾರಿ ಕಟ್ಟಿದ್ದರೆ ಇಷ್ಟೂ ಕೆಲಸ ವ್ಯರ್ಥ. ಸ್ಲೋ ಜೆಟ್ಟಿನ ತೂತಿಗೆ ಸ್ಪ್ರೇ ನಳಿಗೆ ಇಟ್ಟು ಒತ್ತಿ. ಎಂಜಿನ್ ಬದಿಯಲ್ಲಿ, ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿನ ಕೆಳಗೆ ಒಂದು ಸಣ್ಣ ತೂತಿದೆ, ಅಲ್ಲಿಂದ ಸ್ಪ್ರೇ ಗೆರೆಯಾಗಿ ಹೊರಗೆ ಹಾರಬೇಕು. ಹಾರದಿದ್ದರೆ ನೆನೆಹಾಕಿ ಮತ್ತೆ ಹೊಡೆಯಿರಿ. ಕನ್ನಡಕ ಹಾಕಿಕೊಂಡೇ ಮಾಡಿ, ಸ್ಪ್ರೇ ತಿರುಗಿ ನೇರ ಕಣ್ಣಿಗೆ ಬರುತ್ತದೆ. ರಬ್ಬರ್ ಭಾಗವೆಲ್ಲ ಮೊದಲೇ ತೆಗೆದಿಡಿ. ಸ್ಪ್ರೇ ಆದ ಮೇಲೆ ಪಂಕ್ಚರ್ ಅಂಗಡಿಗೆ ಹೋಗಿ ಎಲ್ಲ ತೂತಿಗೂ ಗಾಳಿ ಹೊಡೆಸಿ. ಪೆಟ್ರೋಲಿಗೆ ಬೆರೆಸುವ ಬಾಟಲಿ ಔಷಧ ಈ ಅಂಟನ್ನು ಕರಗಿಸುತ್ತದೆಂದು ನಂಬಿ ದುಡ್ಡು ಕಳೆಯಬೇಡಿ. ಪೂರ್ತಿ ಕಟ್ಟಿದ ದಾರಿಗೆ ಆ ಔಷಧ ತಲುಪುವುದೇ ಇಲ್ಲ.

ಜೋಡಿಸುವಾಗ ಬೌಲ್ ಗ್ಯಾಸ್ಕೆಟ್ ಹೊಸದಿರಲಿ. ಪೊಟ್ಟಣದಲ್ಲಿ ಬರುವ ಅಗ್ಗದ ಕಿಟ್ಟಿನಿಂದ ಗ್ಯಾಸ್ಕೆಟ್ ಮಾತ್ರ ಬಳಸಿ. ಅದರ ಜೆಟ್ ಎಸೆಯಿರಿ, ಸ್ವಚ್ಛ ಮಾಡಿದ ಹಳೆ ಕಂಪನಿ ಜೆಟ್ ಅದಕ್ಕಿಂತ ಎಷ್ಟೋ ಮೇಲು. ಥ್ರಾಟಲ್ ಸ್ಲೈಡಿನ ಓರೆ ಕೊಯ್ದ ಬದಿ ಏರ್ ಫಿಲ್ಟರ್ ಕಡೆಗಿರಬೇಕು. ತಿರುವುಮುರುವಾಗಿ ಕೂತರೆ ಎಂಜಿನ್ ಚಾಲೂ ಆಗುತ್ತಲೇ ಕಿರುಚುತ್ತದೆ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ಸ್ಲೈಡ್ ಟಕ್ಕೆಂದು ಕೆಳಗೆ ಬೀಳಬೇಕು. ಕಾರ್ಬೋರೇಟರನ್ನೂ ಎಂಜಿನ್ನನ್ನೂ ಕೂಡಿಸುವ ರಬ್ಬರ್ ಬಿರುಕು ಬಿಟ್ಟಿದ್ದರೆ ಎಂ-ಸೀಲ್ ಮೆತ್ತಬೇಡಿ, ಬದಲಿಸಿ.

5. ಪ್ಲಗ್, ಬ್ಯಾಟರಿ

ಹೊಸ ಪ್ಲಗ್ ಹಾಕಿ, ದೊಡ್ಡ ಖರ್ಚಲ್ಲ. ನಕಲಿ ಬಹಳ ಬಂದಿವೆ, ಗುರುತಿನ ಅಂಗಡಿಯಲ್ಲೇ ತೆಗೆದುಕೊಳ್ಳಿ. ಕಿಡಿ ನೋಡುವಾಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿಯಿರಿ, ಪ್ಲಗ್ ತೂತಿನಿಂದ ದೂರ. ಬ್ಯಾಟರಿ ಚಾರ್ಜ್ ಮಾಡಿಸಿದ ಮರುದಿನ 12.4 ವೋಲ್ಟಿಗಿಂತ ಕೆಳಗಿದ್ದರೆ ಅದರ ಕಾಲ ಮುಗಿದಿದೆ.

6. ಬ್ರೇಕ್, ಟಯರ್

ಚಾಲೂ ಮಾಡುವ ಮೊದಲೇ ನೋಡಿ. ಬ್ರೇಕ್ ಡ್ರಮ್ ತೆಗೆದು ಶೂಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಕೇಬಲ್ಲುಗಳಿಗೆ ಎಣ್ಣೆ ಬಿಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ಮಾಡಿದ್ದು. ನೂಲಿನಂಥ ಬಿರುಕು ಕಂಡ ಟಯರ್ ಎಷ್ಟೇ ದಪ್ಪವಿದ್ದರೂ ತೆಗೆಸಿ.

7. ಈಗ ಕಿಕ್

ಒಂದು ಲೀಟರ್ ಹೊಸ ಪೆಟ್ರೋಲ್ ಸಾಕು. ಚೇತಕ್‌ನಂಥ ಹಳೆ ಟೂ ಸ್ಟ್ರೋಕ್ ಸ್ಕೂಟರಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. 1985ರಿಂದ 1996ರ ವರೆಗೆ ಬಂದ ಯಮಹಾ ಆರ್‌ಎಕ್ಸ್ 100ಕ್ಕೆ ಬೇರೆ ಎಣ್ಣೆ ಟ್ಯಾಂಕ್ ಇದೆ. ಆದರೆ ಬಹಳ ವರ್ಷ ನಿಂತ ಎಣ್ಣೆ ಪಂಪಿನಲ್ಲಿ ಗಾಳಿ ಸೇರಿರಬಹುದು. ಮೊದಲ ಲೀಟರಿಗೆ 20 ಮಿಲಿಲೀಟರ್ ಟೂ-ಟಿ ಎಣ್ಣೆ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿಯೇ ಬಿಡಿ. ಹೊಗೆ ಜಾಸ್ತಿ ಬಂದರೂ ಪಿಸ್ಟನ್ ಉಳಿಯುತ್ತದೆ.

ಕಾಕ್ ತೆರೆದು ಎರಡು ನಿಮಿಷ ನಿಲ್ಲಿ, ಎಲ್ಲೂ ಹನಿ ಸೋರಬಾರದು. ಸ್ವಿಚ್ ಆಫ್ ಇರುವಾಗಲೇ ಆರೇಳು ಕಿಕ್ ಮೆಲ್ಲಗೆ ಹೊಡೆಯಿರಿ. ಆಮೇಲೆ ಚೋಕ್ ಎಳೆದು, ಸ್ವಿಚ್ ಹಾಕಿ ಹೊಡೆಯಿರಿ. ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಟ್ಟು ಬಿಳಿ ಹೊಗೆ ಬರುತ್ತದೆ, ಗಾಬರಿ ಬೇಡ. ಚಾಲೂ ಆದ ಕೂಡಲೇ ರೇಸ್ ಮಾಡಬೇಡಿ. ಟೂ ಸ್ಟ್ರೋಕ್ ಗಾಡಿ ಆಕ್ಸಿಲರೇಟರ್ ಮುಟ್ಟದೆ ತಾನಾಗಿ ರೇಸ್ ಆಗತೊಡಗಿದರೆ ಸ್ವಿಚ್ ಆಫ್ ಮಾಡಿ, ಕಾಕ್ ಮುಚ್ಚಿ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಾಳಿ ಎಳೆಯುತ್ತಿರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ.

ಹತ್ತು ಕಿಕ್ಕಿಗೆ ಚಾಲೂ ಆಗದಿದ್ದರೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯ ಕಡೆ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ.

ರಸ್ತೆಗಿಳಿಸುವ ಮುಂಚೆ ಆರ್‌ಸಿ ತೆಗೆದು ನೋಡಿ. ನೋಂದಣಿಯಾಗಿ 15 ವರ್ಷ ದಾಟಿದ್ದರೆ ನವೀಕರಣ ಆಗಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಕೆಎ 25ರ ಗಾಡಿಯಾದರೆ ಧಾರವಾಡ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿಯ ಆರ್‌ಟಿಒ. ಥರ್ಡ್ ಪಾರ್ಟಿ ವಿಮೆ, ಹೊಗೆ ತಪಾಸಣೆ ಚೀಟಿಯೂ ಬೇಕು.

ಸೂಟಿ ಮುಗಿಸಿ ಬೈಕನ್ನು ಮತ್ತೆ ನಿಲ್ಲಿಸಿ ಹೋಗುವುದಿದ್ದರೆ ಹಿಂದಿನ ದಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೂ ಓಡಲು ಬಿಡಿ. ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ, ಬ್ಯಾಟರಿಯ ವೈರ್ ತೆಗೆದಿಡಿ. ಸೈಲೆನ್ಸರ್ ಬಾಯಿಗೆ ಅರಿವೆ ತುರುಕಿ, ಹಾಗೆ ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಕಟ್ಟಿ.